ಒಂದು ಚೀಲ ಎರಿ ಮಣ್ಣು

ನಮ್ಮ ಗ್ಯಾಲರಿಯ ಬಲಗಡೆ ಮೂಲೆಯಲ್ಲಿ ಹಳೆಯ ಗೊಬ್ಬರದ ಚೀಲವೊಂದು ಗೋಡೆಗೆ ಒರಗಿಕೊಂಡು ಕೂತಿದೆ. ಚೀಲದ ಮೇಲಿನ ಅಕ್ಷರಗಳು ಬಿಸಿಲಿಗೆ ಅಳಿಸಿಹೋಗಿವೆ, ಬಾಯಿಗೆ ಸೆಣಬಿನ ಹುರಿ ಬಿಗಿದಿದೆ. ಮನೆಗೆಲಸಕ್ಕೆ ಬರುವಾಕೆ ಮೂರು ಸಲ ಕೇಳಿದ್ದಾಳೆ, "ಇದನ್ನ ಒಗದಬಿಡ್ಲೇನ್ರಿ ಅಣ್ಣಾರ?" ಅಂತ. ಮೂರು ಸಲವೂ ಬೇಡ ಎಂದಿದ್ದೇನೆ. ಒಳಗೆ ಗೊಬ್ಬರವಿಲ್ಲ. ಕುಂದಗೋಳ ತಾಲೂಕಿನ ನಮ್ಮ ಹೊಲದ ಎರಿ ಮಣ್ಣಿದೆ.

ಬೆಂಗಳೂರಿನವರು ಬಾಲ್ಕನಿ ಅನ್ನುವುದಕ್ಕೆ ಹುಬ್ಬಳ್ಳಿಯಲ್ಲಿ ನಾವು ಗ್ಯಾಲರಿ ಅನ್ನುತ್ತೇವೆ. ನಮ್ಮದು ಒಂಬತ್ತು ಫೂಟು ಉದ್ದ, ನಾಲ್ಕು ಫೂಟು ಅಗಲ. ಕೇಶ್ವಾಪುರದ ಒಳರಸ್ತೆಯಲ್ಲಿ ಎರಡನೇ ಮಹಡಿ, ಪಶ್ಚಿಮಕ್ಕೆ ಮುಖ. ಮಧ್ಯಾಹ್ನ ಒಂದರ ತನಕ ನೆರಳು, ಆಮೇಲೆ ಸೂರ್ಯ ಮುಳುಗುವವರೆಗೆ ಕಣ್ಣು ಬಿಡಲಾಗದ ಬಿಸಿಲು. ಅಲ್ಲಿ ನಿಂತರೆ ರೈಲು ಕಾಣುವುದಿಲ್ಲ, ಹಾರ್ನ್ ಮಾತ್ರ ಕೇಳಿಸುತ್ತದೆ. ರೈಲ್ವೆಯಲ್ಲೇ ಗುಮಾಸ್ತನಾಗಿ ವರ್ಷಗಟ್ಟಲೆ ದುಡಿದವನಿಗೆ ಆ ಸದ್ದಿಲ್ಲದೆ ನಿದ್ದೆ ಬಾರದು ಅಂತಲೇ ಈ ಮನೆ ತಗೊಂಡೆ ಎಂದು ನನ್ನ ಹೆಂಡತಿ ಈಗಲೂ ಹಂಗಿಸುತ್ತಾಳೆ. 2017ರ ತನಕ ಆ ಗ್ಯಾಲರಿ ಅರಿವೆ ಒಣಗಿಸುವುದಕ್ಕೆ ಮತ್ತು ಮುರಿದ ಕುರ್ಚಿ ಇಡುವುದಕ್ಕೆ ಮಾತ್ರ ಇತ್ತು.

ಆ ವರ್ಷ ಬೇಸಿಗೆಯಲ್ಲಿ ಅವ್ವ ಬಂದಳು. ಅದಕ್ಕೂ ಹಿಂದಿನ ಎರಡು ವರ್ಷ ಮಳೆ ಕೈಕೊಟ್ಟಿತ್ತು. ಅಪ್ಪ ತೀರಿಕೊಂಡ ಮೇಲೂ ಆಳು ಹಿಡಿದು ಹೊಲ ಮಾಡಿಸುತ್ತಿದ್ದವಳು, ಊರಲ್ಲಿ ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವಂತಾದಾಗ ಸೋತಳು. ಹೊಲವನ್ನು ಲಾವಣಿಗೆ ಹಾಕಿ, ಎರಡು ಟ್ರಂಕು, ಒಂದು ಬೀಸುವ ಕಲ್ಲು ಸಮೇತ ಕರೆದುಕೊಂಡು ಬಂದೆ. ಬೀಸುವ ಕಲ್ಲು ಅಪಾರ್ಟ್‌ಮೆಂಟಿನಲ್ಲಿ ಯಾಕೆ ಅಂತ ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಎಪ್ಪತ್ತೆರಡು ವರ್ಷ ನೆಲದ ಮೇಲೆ ನಡೆದವಳು ಮೊದಲ ಸಲ ಗ್ಯಾಲರಿಗೆ ಬಂದು ಸರಳು ಹಿಡಿದು ಕೆಳಗೆ ನೋಡಿ, "ಏನ ತಮ್ಮಾ, ಅಟ್ಟದ ಮ್ಯಾಲ ಇಟ್ಟಿಯಲ್ಲೋ ನನ್ನ" ಅಂದಳು. ಅಟ್ಟದ ಮೇಲೆ ನಮ್ಮ ಕಡೆ ಕುಳ್ಳು, ಕಟ್ಟಿಗೆ ಇಡುತ್ತಾರೆ.

ಆ ಮಾತು ನನ್ನನ್ನು ಚುಚ್ಚಿತು. ಮುಂದಿನ ರವಿವಾರ ಊರಿಗೆ ಹೋಗಿ, ಬಾವಿಯ ಬದಿಯ ಹೊಲದಿಂದ ಎರಡು ಚೀಲ ಮಣ್ಣು ತುಂಬಿಸಿ ಟಂಟಂನಲ್ಲಿ ಹಾಕಿಕೊಂಡು ಬಂದೆ. ಅವತ್ತೇ ಲಿಫ್ಟ್ ಕೆಟ್ಟಿತ್ತು. ಟಂಟಂನವನು ಒಂದು ಚೀಲ ಹೊತ್ತ, ಇನ್ನೊಂದನ್ನು ನಾನೇ ತಲೆಮೇಲೆ ಹೊತ್ತು ಎರಡು ಮಹಡಿ ಹತ್ತಿದೆ. ಐವತ್ತು ದಾಟಿದ್ದ ಗುಮಾಸ್ತನ ಕುತ್ತಿಗೆ ಎಂಟು ದಿನ ಹೊರಳಲಿಲ್ಲ. ಅವ್ವ ಚೀಲ ಬಿಚ್ಚಿ ಒಂದು ಹೆಂಟೆ ಕೈಗೆ ತಗೊಂಡು, ಪುಡಿಮಾಡಿ, ಮೂಸಿ ನೋಡಿದಳು. ಏನೂ ಅನ್ನಲಿಲ್ಲ. ಅವಳಿಗೆ ಮಾತು ಬರುತ್ತಿಲ್ಲ, ಸಂತೋಷ ಅಂತ ನಾನು ತಿಳಿದೆ.

ಡಬ್ಬಿಗಳಿಗೆ ಬರ ಇರಲಿಲ್ಲ. ಎದುರಿನ ಬಿಲ್ಡಿಂಗಿನಲ್ಲಿ ಪೇಂಟ್ ಕೆಲಸ ನಡೆದಿತ್ತು. 20 ಲೀಟರಿನ ಖಾಲಿ ಬಕೆಟ್ ಆರು ಸಿಕ್ಕವು. ಕಿರಾಣಿ ಅಂಗಡಿಯಿಂದ 15 ಕೆಜಿಯ ಎಣ್ಣೆ ಡಬ್ಬಿ ನಾಲ್ಕು. ಮೀನು ತರುವ ಥರ್ಮೋಕೋಲ್ ಡಬ್ಬಿ ಎರಡು ತಂದಿದ್ದೆ, ಅವ್ವ ಮೂಗು ಮುಚ್ಚಿಕೊಂಡು ವಾಪಸ್ ಕಳಿಸಿದಳು. ಮೊಳೆ ಕಾಯಿಸಿ ತಳಕ್ಕೆ ಐದೈದು ತೂತು ಹಾಕಿದೆ. ಜೂನ್ ಎರಡನೇ ವಾರ, "ಮಿರಗ ಕೂಡೇತಿ" ಅಂತ ಅವ್ವ ಹೇಳಿದ ದಿನ, ಮೆಂತೆ, ಕೋತಂಬರಿ, ರಾಜಗಿರಿ, ಮುಳಗಾಯಿ, ಟೊಮ್ಯಾಟೊ ಎಲ್ಲವನ್ನೂ ಒಂದೇ ಮಧ್ಯಾಹ್ನ ಬಿತ್ತಿದೆವು. ಗ್ಯಾಲರಿಯಲ್ಲಿ ಕೂತು ಮೃಗಶಿರಾ ಮಳೆಯ ಲೆಕ್ಕ ಹಾಕುವುದು ನನಗೆ ತಮಾಷೆ ಅನ್ನಿಸಿತ್ತು. ಅವಳಿಗೆ ತಮಾಷೆಯಾಗಿರಲಿಲ್ಲ.

ಅದೇ ತಿಂಗಳ ಕೊನೆಗೆ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಎರಡನೇ ಚೀಲದಲ್ಲಿ ಉಳಿದಿದ್ದ ಎರಿ ಮಣ್ಣನ್ನು ಅವ್ವ ನೀರು ಚಿಮುಕಿಸಿ ನಾದಿದಳು, ರೊಟ್ಟಿ ಹಿಟ್ಟು ನಾದಿದ ಹಾಗೆ, ಅಂಗೈಯ ಬುಡದಿಂದ ಒತ್ತಿ, ಮಡಚಿ, ಮತ್ತೆ ಒತ್ತಿ. ಒಂದು ಕಲ್ಲು, ಒಂದು ಬೇರು ಕೈಗೆ ಸಿಕ್ಕರೆ ತೆಗೆದು ಬದಿಗಿಡುತ್ತಿದ್ದಳು. ಹೆಬ್ಬೆರಳಿನಿಂದ ಒಮ್ಮೆ ಒತ್ತಿದರೆ ಇಣಿ ಎದ್ದಿತು, ಎರಡು ಚಿವುಟಿದರೆ ಕೋಡು. ಕಣ್ಣಿಗೆ ಕುಸುಬಿ ಕಾಳು. ಎರಡು ಎತ್ತು, ಒಂದು ಗ್ವಾದಲಿ. ಆಗ ಒಂಬತ್ತನೇ ಕ್ಲಾಸಿನಲ್ಲಿದ್ದ ಮಗಳು ಮೊಬೈಲ್ ಬದಿಗಿಟ್ಟು ಕೂತು ನೋಡಿದಳು. ಪೂಜೆ ಮುಗಿದ ಮರುದಿನ ಎತ್ತುಗಳನ್ನು ಬಾವಿಗೋ ಹಳ್ಳಕ್ಕೋ ಬಿಡುವುದು ಊರಿನ ಪದ್ಧತಿ. ಇಲ್ಲಿ ಬಾವಿ ಎಲ್ಲಿ? ಅವ್ವ ಬಕೆಟ್ ನೀರಿನಲ್ಲಿ ಬಿಟ್ಟು, ಕರಗಿದ ಮೇಲೆ ನೀರು ಬಸಿದು, ಆ ಕೆಸರನ್ನು ಒಣಗಿಸಿ ಮತ್ತೆ ಚೀಲಕ್ಕೇ ಹಾಕಿದಳು.

ಗಿಡಗಳ ಕಥೆ ಬೇರೆಯಾಯಿತು. ಜುಲೈನ ಜಿಟಿಜಿಟಿ ಮಳೆಗೆ ಬಕೆಟಿನ ಎರಿ ಅಂಟಾಗಿ ನಿಂತಿತು. ತಳದ ತೂತು ಮುಚ್ಚಿಹೋಗಿ ನೀರು ಮೇಲೇ ಕೆರೆಯಾಯಿತು. ಟೊಮ್ಯಾಟೊ ಎಲೆ ಕೆಳಗಿನಿಂದ ಹಳದಿಯಾಗುತ್ತ ಬಂತು. ಆಗಸ್ಟಿನಲ್ಲಿ ಹತ್ತು ದಿನ ಬಿಸಿಲು ಬಿತ್ತು ನೋಡಿ, ಅದೇ ಮಣ್ಣು ಬಿರಿದು, ಬಕೆಟಿನ ಗೋಡೆಯಿಂದ ಬೆರಳು ಹಿಡಿಸುವಷ್ಟು ದೂರ ಸರಿದು ನಿಂತಿತು. ನೀರು ಹಾಕಿದರೆ ಸಂದಿಯಿಂದ ಸರ್ರನೆ ಇಳಿದು ಕೆಳಗಿನ ತಾಟಿಗೆ ಬರುತ್ತಿತ್ತು, ಬೇರಿಗೆ ಹನಿಯೂ ಇಲ್ಲ. ಖುರ್ಪಿ ಇಟ್ಟರೆ ಖಣ್ ಅನ್ನುತ್ತಿತ್ತು. ನಾನು ಮಾತ್ರ ಹಟ ಬಿಡದೆ ಬೆಳಿಗ್ಗೆ ಸಂಜೆ ಕೆದರುತ್ತಿದ್ದೆ.

ಒಂದು ದಿನ ಅವ್ವ ಅಂದಳು, "ಬಿಡೋ ತಮ್ಮಾ. ಎರಿ ಹೊಲದಾಗ ಇದ್ರ ಎರಿ. ಡಬ್ಬ್ಯಾಗ ತುಂಬಿದ್ರ ಇಟ್ಟಂಗಿ."

"ಮೊದಲ ಗೊತ್ತಿತ್ತೇನ ನಿನಗ?"

"ಚೀಲ ಬಿಚ್ಚಿದಾಗ ಗೊತ್ತಿತ್ತು."

"ಮತ್ತ ಅವಾಗ ಯಾಕ ಹೇಳಲಿಲ್ಲ?"

"ತಲಿ ಮ್ಯಾಲ ಹೊತ್ಕೊಂಡ ಬಂದಿದ್ಯಲ್ಲ."

ಇವತ್ತಿಗೂ ಆ ಉತ್ತರಕ್ಕೆ ನನ್ನಲ್ಲಿ ಪ್ರತ್ಯುತ್ತರವಿಲ್ಲ. ಐವತ್ತು ವರ್ಷ ಆ ಮಣ್ಣಿನಲ್ಲಿ ಕಸ ತೆಗೆದವಳಿಗೆ ಅದರ ಮೇಲೆ ಯಾವ ಭಾವುಕತೆಯೂ ಇರಲಿಲ್ಲ. ಎಂಟನೇ ಕ್ಲಾಸಿಗೇ ಹಾಸ್ಟೆಲ್ ಸೇರಿ ಹೊಲ ಬಿಟ್ಟ ನನಗಿತ್ತು.

ಆಮೇಲೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿದ ಗೆಳೆಯನೊಬ್ಬ ಇದರ ಒಳಗುಟ್ಟು ಹೇಳಿದ. ಎರಿಯಲ್ಲಿ ಜೇಡಿಯ ಪಾಲು ಬಹಳ, ಅದರಲ್ಲೂ ಮಾಂಟ್ಮೊರಿಲೊನೈಟ್ ಅನ್ನುವ ಜಾತಿಯದು. ಅದು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಹೊಲದಲ್ಲಿ ಇದೇ ಗುಣ ವರ. ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಬಿರುಕು ಬಿಡುತ್ತದೆ, ಮೇಲಿನ ಮಣ್ಣು ಬಿರುಕಿನೊಳಗೆ ಉದುರಿ ನೆಲ ತನ್ನನ್ನು ತಾನೇ ಉತ್ತುಕೊಳ್ಳುತ್ತದೆ. ಮಳೆ ಬಂದರೆ ಆಳಕ್ಕೆ ಕುಡಿದು, ಹಿಂಗಾರಿ ಜೋಳ, ಕಡಲೆ, ಕುಸುಬಿಗಳನ್ನು ಆ ಹಸಿಯ ಮೇಲೇ ತೆನೆವರೆಗೆ ಒಯ್ಯುತ್ತದೆ. ಅದಕ್ಕೆ ಬೇಕಾದದ್ದು ಆಳ. ಒಂದು ಫೂಟಿನ ಬಕೆಟಿನಲ್ಲಿ ಅದಕ್ಕೆ ಉಬ್ಬಲು ಜಾಗವಿಲ್ಲ, ಕುಗ್ಗಿದರೆ ತುಂಬಿಕೊಳ್ಳಲು ಪಕ್ಕದ ನೆಲವಿಲ್ಲ.

ಅಂಗಡಿಯಿಂದ ಕೊಕೊಪೀಟ್ ತಂದೆ. ತೆಂಗಿನ ನಾರಿನ ಪುಡಿಯನ್ನು ಒತ್ತಿ ಮಾಡಿದ 5 ಕೆಜಿಯ ಚೌಕ ತುಂಡು. ಟಬ್ಬಿನಲ್ಲಿಟ್ಟು ನೀರು ಹಾಕಿದರೆ ಕಣ್ಣೆದುರೇ ಉಬ್ಬಿ ಟಬ್ ತುಂಬಿ ಹೊರಗೆ ಬಿತ್ತು. ಅವ್ವ ಗಲ್ಲಕ್ಕೆ ಕೈಯಿಟ್ಟು ನೋಡುತ್ತ, "ನಮ್ಮ ಮಣ್ಣ ಇಟ್ಟಂಗಿ ಆಗ್ತೈತಿ, ಅಂಗಡಿ ಇಟ್ಟಂಗಿ ಮಣ್ಣ ಆಗ್ತೈತಿ" ಅಂದಳು. ಕಲಘಟಗಿ ಕಡೆಯ ಕೆಂಪು ಮಸಾರಿ ಮಣ್ಣು ಒಂದು ಪಾಲು, ಕೊಕೊಪೀಟ್ ಒಂದು ಪಾಲು, ಎರೆಹುಳು ಗೊಬ್ಬರ ಒಂದು ಪಾಲು, ಬಕೆಟಿಗೊಂದು ಮುಟಗಿ ಬೇವಿನ ಹಿಂಡಿ. ಇದು ನಾನು ಕಂಡುಹಿಡಿದ ಸೂತ್ರವಲ್ಲ, ಡಬ್ಬಿಯಲ್ಲಿ ಬೆಳೆಯುವವರೆಲ್ಲ ಹೆಚ್ಚುಕಡಿಮೆ ಇದನ್ನೇ ಮಾಡುತ್ತಾರೆ. ಬೆಂಗಳೂರಿನಲ್ಲಿ ಕೀಟಶಾಸ್ತ್ರಜ್ಞ ಬಿ.ಎನ್. ವಿಶ್ವನಾಥ್ ಅವರು ಜನರನ್ನು ಕೂರಿಸಿಕೊಂಡು ತಾರಸಿ ಕೈತೋಟ ಕಲಿಸಿದ್ದರ ಬಗ್ಗೆ ಓದಿದ್ದೆ. ಓದಿದ್ದನ್ನು ಮೊದಲೇ ಮಾಡಿದ್ದರೆ ಕುತ್ತಿಗೆ ಉಳಿಯುತ್ತಿತ್ತು. ಬಕೆಟಿನ ಎರಿಯನ್ನೆಲ್ಲ ಹಾರೆಯಿಂದ ಒಡೆದು ವಾಪಸ್ ಚೀಲಕ್ಕೆ ತುಂಬಿದೆವು. ಒಂದು ಬಕೆಟಿನದು ಮಾತ್ರ ಜಗ್ಗಲೇ ಇಲ್ಲ. ಅದನ್ನು ಹಾಗೇ ಮೂಲೆಗೆ ಸರಿಸಿದೆ.

ಹಗುರವಾದದ್ದರಿಂದ ಇನ್ನೊಂದು ಲಾಭವಾಯಿತು. ಹಸಿ ಎರಿ ತುಂಬಿದ 20 ಲೀಟರ್ ಬಕೆಟ್ 30 ಕೆಜಿ ದಾಟುತ್ತದೆ. ಸೊಸೈಟಿಯ ಮೀಟಿಂಗಿನಲ್ಲಿ ಒಬ್ಬರು "ಗ್ಯಾಲರಿ ಕುಸದ್ರ ಯಾರ ಜವಾಬ್ದಾರಿ?" ಎಂದು ಎದ್ದಿದ್ದರು. ಪರಿಚಯದ ಎಂಜಿನಿಯರನ್ನು ಕರೆತಂದು ತೋರಿಸಿದೆ. ಮನೆಗಳ ಗ್ಯಾಲರಿಗೆ ಚದರ ಮೀಟರಿಗೆ ಸುಮಾರು 300 ಕೆಜಿ ಭಾರ ಹಿಡಿದು ಲೆಕ್ಕ ಹಾಕಿರುತ್ತಾರಂತೆ. "ಭಾರ ಅಷ್ಟ ಏನಿಲ್ರಿ. ಖರೆ, ಕಠಡೇದ ಅಂಚಿಗೆ ಸಾಲ ಹಚ್ಚಬ್ಯಾಡ್ರಿ, ಗ್ವಾಡಿ ಕಡೆ ಇಡ್ರಿ. ಸ್ಲ್ಯಾಬ್ ಹಾಳ ಮಾಡೂದು ಭಾರ ಅಲ್ಲ, ನೀರು" ಎಂದ.

ನೀರು. ಹುಬ್ಬಳ್ಳಿಯವರ ಎದುರು ಈ ಶಬ್ದ ತೆಗೆದರೆ ಮಾತು ಮುಗಿಯುವುದಿಲ್ಲ. ನಮ್ಮ ನಳಕ್ಕೆ ನೀರು ಬರುವುದು ಸವದತ್ತಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಆಣೆಕಟ್ಟಿನಿಂದ, ಮತ್ತು ಕಲಘಟಗಿ ಕಡೆ 1955ರಲ್ಲಿ ಕಟ್ಟಿದ ನೀರಸಾಗರದಿಂದ. ನಾವು ಬಿತ್ತಿದ ವರ್ಷ ಆ ನೀರಸಾಗರ ಬತ್ತಿ ತಳ ಕಂಡಿತ್ತು. ಎಂಟು ದಿನಕ್ಕೊಮ್ಮೆ ಬರುವ ನೀರನ್ನು ಎರಡು ಬ್ಯಾರಲ್, ಒಂದು ಸಿಂಟೆಕ್ಸ್, ಹನ್ನೊಂದು ಕೊಡಗಳಲ್ಲಿ ಹಿಡಿದು ಬದುಕುವ ಮನೆಯಲ್ಲಿ ಗಿಡಕ್ಕೆ ನೀರು ಹಾಕುವುದು ಪಾಪದಂತೆ ಕಾಣುತ್ತಿತ್ತು. ಹೆಂಡತಿ ಬಾಯಿಬಿಟ್ಟು ಹೇಳಲಿಲ್ಲ, ಕೊಡಗಳನ್ನು ಎಣಿಸುತ್ತಿದ್ದಳು.

ಅವ್ವ ಅಡುಗೆಮನೆಯ ಬಚ್ಚಲ ಕೊಳವೆಗೆ ಬಟ್ಟೆ ತುರುಕಿದಳು. ಅಕ್ಕಿ ತೊಳೆದ ನೀರು, ಬ್ಯಾಳಿ ತೊಳೆದ ನೀರು, ಕಾಯಿಪಲ್ಯ ತೊಳೆದ ನೀರು, ಒಂದೂ ಕೆಳಗೆ ಹೋಗಬಾರದು. ಎಲ್ಲ ಒಂದು ಬೋಗುಣಿಗೆ. ಉಪ್ಪು, ಸಬಕಾರ ಮುಟ್ಟಿದ ನೀರು ಬೇಡ. ನಾನು ಓದಿಕೊಂಡವನಲ್ಲವೇ, ಶುದ್ಧ ನೀರಿನ ಮಷಿನ್ ಹೊರಗೆ ಬಿಡುವ ನೀರನ್ನೂ ಹಿಡಿದು ಹಾಕತೊಡಗಿದೆ. ದಿನಕ್ಕೆ ಎರಡು ಬಕೆಟ್ ಪುಕ್ಕಟೆ. ನಮ್ಮ ಬೋರಿನ ನೀರು ಮೊದಲೇ ಗಡಸು, ಮಷಿನ್ ಹೊರಗೆ ಬಿಡುವ ನೀರಿನಲ್ಲಿ ಅದರ ಉಪ್ಪೆಲ್ಲ ಕೂಡಿರುತ್ತದೆ. ಮೂರು ವಾರದಲ್ಲಿ ಮಣ್ಣಿನ ಮೇಲೆ ಬಿಳಿ ಹೊಪ್ಪಳಿಕೆ ಎದ್ದಿತು, ಮೆಂತೆಯ ಎಲೆಯಂಚು ಸುಟ್ಟಂತಾಯಿತು. ಅವ್ವ ಬೆರಳಿಗೆ ಆ ಬಿಳಿ ಪುಡಿ ಹಚ್ಚಿ ನಾಲಿಗೆಗಿಟ್ಟು, "ಸವಳ" ಎಂದಳು. ಸವಳು ನೆಲ ಕಂಡವಳಿಗೆ ಪರೀಕ್ಷೆಯ ಯಂತ್ರ ಬೇಕಾಗಿರಲಿಲ್ಲ.

ಇದರ ನಡುವೆ ಕೆಳಗಿನ ಮನೆಯ ಕಾಕು. ಅವರ ಗ್ಯಾಲರಿ ನಮ್ಮದರ ನೇರ ಕೆಳಗೆ. ಒಂದು ಮಧ್ಯಾಹ್ನ ಅವರು ಬೆಳ್ಳನೆಯ ಪಂಚೆಯ ಮೇಲೆ ಅಕ್ಕಿ ಸಂಡಿಗೆ ಇಟ್ಟು ಒಣಗಲು ಬಿಟ್ಟಿದ್ದರು. ನಾವು ಮೇಲೆ ಸಗಣಿ ಗೊಬ್ಬರ ಕರಗಿಸಿ ಗಿಡಕ್ಕೆ ಹಾಕಿದ್ದೆವು. ಮುಂದಿನದನ್ನು ಹೇಳಬೇಕಿಲ್ಲ. "ಏನ್ರೀ ರೈಲ್ವೆ ಸಾಹೇಬ್ರ! ನೀರು! ನೀರು ನೋಡ್ರಿ!" ಆ ದನಿ ರೈಲಿನ ಹಾರ್ನಿಗೆ ಕಡಿಮೆಯೇನಿರಲಿಲ್ಲ. ನಾನು ಇಳಿದು ಹೋಗಿ ಕ್ಷಮೆ ಕೇಳಿದೆ, ಬಾಗಿಲು ಮುಖದ ಮೇಲೆ ಬಿತ್ತು. ಸಂಜೆ ಅವ್ವ ನಮ್ಮ ಮೊದಲ ಮೆಂತೆಯನ್ನು, ಬೇರು ಸಮೇತ ಕಿತ್ತು, ಜಾಡಿಸಿ, ಸೆರಗಿನಲ್ಲಿ ಕಟ್ಟಿಕೊಂಡು ಕೆಳಗಿಳಿದಳು. ಒಂದೂವರೆ ತಾಸು ಬರಲಿಲ್ಲ. ಬಂದಾಗ ಅವಳ ಸೆರಗಿನಲ್ಲಿ ಒಂದು ವಾಟಗ ಮಾವಿನಕಾಯಿ ಉಪ್ಪಿನಕಾಯಿ ಇತ್ತು. ಏನು ಮಾತಾಡಿದಿರಿ ಅಂದರೆ, "ಆಕಿ ತವರಮನಿನೂ ಎರಿ ಸೀಮಿನ" ಎಂದಳು. ಆಮೇಲೆ ಪ್ರತಿ ಬಕೆಟಿನ ಕೆಳಗೆ ತಾಟು ಬಂತು. ತಾಟಿನಲ್ಲಿ ನೀರು ನಿಂತರೆ ಸೊಳ್ಳೆ. ಅದಕ್ಕೆ ದಿನಾ ರಾತ್ರಿ ತಾಟು ಬಗ್ಗಿಸುವ ಕೆಲಸ ಮಗಳಿಗೆ ಬಂತು.

ಸೆಪ್ಟೆಂಬರಿನಲ್ಲಿ ಧಾರವಾಡದ ಕೃಷಿ ಮೇಳಕ್ಕೆ ಅವ್ವನನ್ನು ಕರೆದುಕೊಂಡು ಹೋದೆ. ಊರಿನಿಂದ ಟ್ರ್ಯಾಕ್ಟರುಗಳಲ್ಲಿ ಬರುವ ಜನ, ಬೀಜದ ಮಳಿಗೆಯ ಮುಂದೆ ಹೊಡೆದಾಟದಷ್ಟು ಸಾಲು. ಅವ್ವ ಸಾಲಿನಲ್ಲಿ ನಿಂತಳು. ಮುಂದಿದ್ದ ರೈತ "ಎಷ್ಟ ಎಕರೆಕ್ರೀ ಆಯೀ?" ಎಂದು ಕೇಳಿದ. ಅವ್ವ ಒಂದು ಕ್ಷಣ ತಡೆದು, "ಹತ್ತ ಡಬ್ಬಿಗೆ" ಎಂದಳು. ಆತ ನಕ್ಕ. ಅವಳೂ ನಕ್ಕಳು, ಆದರೆ ಮನೆಗೆ ಬರುವವರೆಗೆ ಬಸ್ಸಿನಲ್ಲಿ ಕಿಟಕಿ ಕಡೆಗೇ ಮುಖ ಮಾಡಿ ಕೂತಿದ್ದಳು.

ಅವಳಿಗೆ ಬೇಕಿದ್ದದ್ದು ಬ್ಯಾಡಗಿ ಡಬ್ಬಿ. ಡಬ್ಬಿಯಲ್ಲಿ ಡಬ್ಬಿ ಬೆಳೆಯುವ ಮಾತು ಮಗಳಿಗೆ ದಿನಗಟ್ಟಲೆ ನಗೆಯಾಯಿತು. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಎರಡು ಬಗೆ: ಸಣ್ಣಗೆ ಉದ್ದನೆಯ ಕಡ್ಡಿ, ಗಿಡ್ಡಗೆ ದುಂಡನೆಯ ಡಬ್ಬಿ. 2011ರಲ್ಲಿ ಭೌಗೋಳಿಕ ಗುರುತಿನ ಪಟ್ಟ ಸಿಕ್ಕಿರುವ ಈ ಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದು. ಹಾವೇರಿ ಜಿಲ್ಲೆಯ ಬ್ಯಾಡಗಿ ಪೇಟೆಯ ಹೆಸರು ಹೊತ್ತರೂ ಬೆಳೆಯುವುದು ನಮ್ಮ ಕುಂದಗೋಳ, ಹುಬ್ಬಳ್ಳಿ, ಗದಗ ಕಡೆಯ ಎರಿಯಲ್ಲೂ. ಒಂದೇ ಹೊಲದಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ ಮೂರನ್ನೂ ಕೂಡಿ ಹಾಕಿ, ಮೊದಲು ಉಳ್ಳಾಗಡ್ಡಿ ಕಿತ್ತು, ಆಮೇಲೆ ಮೆಣಸಿನಕಾಯಿ ಹರಿದು, ಕೊನೆಗೆ ಹತ್ತಿ ಬಿಡಿಸುವ ಪದ್ಧತಿಯಲ್ಲಿ ಅವ್ವನ ವಯಸ್ಸೆಲ್ಲ ಕಳೆದಿತ್ತು. ಗ್ಯಾಲರಿಯ ನಾಲ್ಕು ಬ್ಯಾಡಗಿ ಗಿಡದಲ್ಲಿ ಎರಡಕ್ಕೆ ಮುಟುರು ರೋಗ ಬಂದು ಎಲೆ ಮುದುಡಿದವು. ಬೇವಿನೆಣ್ಣೆ ಹೊಡೆದೆ. ಮುದುಡಿದ ಎಲೆ ಬಿಚ್ಚಲಿಲ್ಲ. ಇನ್ನೆರಡರಲ್ಲಿ ಎಲ್ಲ ಸೇರಿ ನಲವತ್ತಾರು ಕಾಯಿ. ಅವ್ವ ಒಣಗಿಸಿ, ಎಣಿಸಿ, ಮತ್ತೆ ಎಣಿಸಿ ಡಬ್ಬದಲ್ಲಿಟ್ಟಳು. ಗಿಡದಲ್ಲೇ ಹಣ್ಣಾಗಿ ಸುಕ್ಕು ಬಿದ್ದ ಆ ಕಾಯಿಯ ಬಣ್ಣ ಸಂಜೆ ಬಿಸಿಲಿಗೆ ಹಿಡಿದರೆ ಕುಂಕುಮಕ್ಕೂ ಕಪ್ಪಿಗೂ ನಡುವೆ ಎಲ್ಲೋ ನಿಲ್ಲುತ್ತಿತ್ತು.

ರೈಲ್ವೆಯವರಿಗೆ ಕಾಯಿಪಲ್ಯದ ಹುಚ್ಚು ಹೊಸದಲ್ಲ ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ. ನೈಋತ್ಯ ರೈಲ್ವೆ ವಲಯ 2003ರ ಏಪ್ರಿಲ್ 1ರಂದು ಹುಬ್ಬಳ್ಳಿಯಲ್ಲಿ ಶುರುವಾಗುವ ಮೊದಲಿನಿಂದಲೂ ನಾವು ಕ್ವಾರ್ಟರ್ಸಿನಲ್ಲಿದ್ದವರು. ಆಗ ಪ್ರತಿ ಮನೆಗೂ ಹಿತ್ತಲ, ಹಿತ್ತಲಿಗೊಂದು ನುಗ್ಗಿ, ಒಂದು ಕರಿಬೇವು. ದೇಶಕ್ಕೆ ಅನ್ನದ ಕೊರತೆ ಇದ್ದ ಕಾಲದಲ್ಲಿ ಹುಟ್ಟಿದ 'ಗ್ರೋ ಮೋರ್ ಫುಡ್' ಯೋಜನೆಯ ಹೆಸರಿನಲ್ಲಿ ಹಳಿಯ ಪಕ್ಕದ ಖಾಲಿ ಜಾಗವನ್ನು ಕೆಳದರ್ಜೆಯ ನೌಕರರಿಗೆ ಲೈಸೆನ್ಸ್ ಮೇಲೆ ಕೊಡುವ ಪದ್ಧತಿ ರೈಲ್ವೆಯಲ್ಲಿ ಬಹಳ ಕಾಲ ಇತ್ತು. ಮುಂಬೈ ಲೋಕಲ್ಲಿನ ಕಿಟಕಿಯಿಂದ ಹಳಿಯ ಬದಿಗೆ ಕಾಣುತ್ತಿದ್ದ ಪಾಲಕ, ಭೆಂಡಿಯ ಮಡಿಗಳು ಅದರದೇ ಸಂತಾನ. ಅಂಥ ಫೈಲುಗಳನ್ನು ನಾನೂ ಮೇಜಿನಿಂದ ಮೇಜಿಗೆ ಸರಿಸಿದ್ದೇನೆ. ಒಂದು ಎಲೆಯನ್ನೂ ಬೆಳೆದಿರಲಿಲ್ಲ.

ಬೆಳೆಯುವ ರುಚಿ ನನಗೆ ಹತ್ತಿದ್ದು ಹೀರೇಕಾಯಿಯಿಂದ. ಬಳ್ಳಿಯನ್ನು ಅರಿವೆ ಒಣಗಿಸುವ ತಂತಿಗೆ ಹಬ್ಬಿಸಿದ್ದೆ. ಹೂವು ಬಿಡುತ್ತಿತ್ತು, ಹೂವಿನ ಹಿಂದೆ ಕಡ್ಡಿಯಂಥ ಪುಟ್ಟ ಕಾಯಿ ಕಾಣುತ್ತಿತ್ತು, ನಾಲ್ಕು ದಿನಕ್ಕೆ ಹಳದಿಯಾಗಿ ಉದುರುತ್ತಿತ್ತು. ಹೆಣ್ಣು ಹೂವಿಗೆ ಗಂಡು ಹೂವಿನ ಪರಾಗ ಮುಟ್ಟುತ್ತಿಲ್ಲ ಎಂದು ತಿಳಿಯಲು ತಿಂಗಳು ಬೇಕಾಯಿತು. ಹೀರೇಕಾಯಿ ಹೂವು ಬೆಳಿಗ್ಗೆ ಅರಳುವುದಿಲ್ಲ. ಹೊತ್ತು ಇಳಿದ ಮೇಲೆ, ಸಂಜೆ ಐದಾರರ ನಂತರ. ತುಪ್ಪೀರಿಯದು ಬೇರೆ, ಅದು ನಸುಕಿನಲ್ಲಿ. ಸಂಜೆ ಹಾರುವ ಹುಳ ಎರಡನೇ ಮಹಡಿಯ ನಮ್ಮ ಗ್ಯಾಲರಿಯ ತನಕ ಬರುತ್ತಿರಲಿಲ್ಲ. ಅಂದಮೇಲೆ ಆ ಕೆಲಸ ನನ್ನದು.

ಆಫೀಸಿನಿಂದ ಬಂದು, ಕೈಕಾಲು ತೊಳೆದು, ಚಹಾ ಕುಡಿಯುವ ಮೊದಲು ಗ್ಯಾಲರಿಗೆ. ಗಂಡು ಹೂವುಗಳು ಒಂದೇ ಕಡ್ಡಿಗೆ ಗೊಂಚಲಾಗಿ ಬರುತ್ತವೆ, ದಿನಕ್ಕೆ ಒಂದೋ ಎರಡೋ ಅರಳುತ್ತವೆ, ಹೆಣ್ಣು ಒಂಟಿ. ಗಂಡು ಹೂವೊಂದನ್ನು ಕಿತ್ತು, ಹಳದಿ ಪಕಳೆಗಳನ್ನು ಹಿಂದಕ್ಕೆ ಮಡಚಿ, ನಡುವಿನ ಪುಡಿಯನ್ನು ಹೆಣ್ಣು ಹೂವಿನ ತುದಿಗೆ ಮೆಲ್ಲಗೆ ಸವರಬೇಕು. ಉಸಿರು ಬಿಗಿ ಹಿಡಿದು ಮಾಡುವ ಕೆಲಸ. ಮೊದಲ ದಿನ ಅವ್ವ ಬಾಗಿಲಲ್ಲಿ ನಿಂತು ನೋಡಿ, "ಇಷ್ಟ ವರ್ಷದಾಗ ಹೀರಿಕಾಯಿಗೆ ಮದಿವಿ ಮಾಡಿಸಿದ್ದು ನಾ ಕಂಡಿದ್ದಿಲ್ಲವಾ" ಎಂದು ಸೊಸೆಯನ್ನು ಕರೆದು ತೋರಿಸಿದಳು. ಎಂಟನೇ ದಿನ ಆ ಕಾಯಿ ಗೇಣುದ್ದ ಆಗಿತ್ತು. ಆ ದಿನದಿಂದ ಆರು ಗಂಟೆಯಾದರೆ ಅವಳೇ ಫೋನ್ ಮಾಡಿಸುತ್ತಿದ್ದಳು: "ಎರಡು ಅರಳ್ಯಾವ. ಲಗೂನ ಬಾ." ದೊಡ್ಡ ಅಧಿಕಾರಿಗಳ ಮೀಟಿಂಗಿನಿಂದ ಹೀರೇಕಾಯಿ ಹೂವಿಗೋಸ್ಕರ ಎದ್ದು ಬಂದ ಗುಮಾಸ್ತ ಇಡೀ ವಲಯದಲ್ಲಿ ನಾನೊಬ್ಬನೇ ಇರಬೇಕು.

ಶೀಗಿ ಹುಣ್ಣಿಮೆ ದಿನ ಅವ್ವ ಬಸಿರಾದ ಭೂಮಿಗೆ ಉಣಿಸುವ ಚರಗವನ್ನು ಡಬ್ಬಿಗಳಿಗೇ ಚೆಲ್ಲಿದಳು. ಕಡಬು, ಪುಂಡಿಪಲ್ಯ, ಸಜ್ಜಿ ರೊಟ್ಟಿಯ ಚೂರು. ಅರ್ಧ ಗಂಟೆಯಲ್ಲಿ ಪಾರಿವಾಳ ಬಂದು ಎಲ್ಲ ಬಳಿದು, ಜೊತೆಗೆ ಕೋತಂಬರಿ ಸಸಿಯನ್ನೂ ತುಳಿದು ಹೋದವು. ಅವುಗಳ ಬಗ್ಗೆ ನನಗೆ ಬರೆಯಲು ಮನಸ್ಸಿಲ್ಲ.

ನವೆಂಬರ್ ಚಳಿ ಬಿದ್ದಾಗ ಮೂಲೆಗೆ ಸರಿಸಿದ್ದ ಎರಿ ಬಕೆಟಿನಲ್ಲಿ ಏನೋ ಹಸಿರು ಕಂಡಿತು. ನಾವು ಅದಕ್ಕೆ ನೀರು ಹಾಕಿರಲಿಲ್ಲ. ಮಳೆಗಾಲದ ಕೊನೆಯ ಮಳೆ ಎರಚಲು ಬಿದ್ದದ್ದೇ ಅದರ ಪಾಲು. ನೆಲಕ್ಕೆ ಅಂಟಿಕೊಂಡು ಚಕ್ರದಂತೆ ಹರಡಿದ, ಅಂಚು ಹರಿದಂಥ ಎಲೆ. ಕಸ ಅಂತ ಕೀಳಲು ಹೋದೆ. ಅವ್ವ ಕೂಗಿದ ರಭಸಕ್ಕೆ ಕೈ ಹಿಂದೆಳೆದೆ. ಹಕ್ಕರಕಿ! ಹಿಂಗಾರಿ ಜೋಳದ ಎರಿ ಹೊಲದಲ್ಲಿ ತಾನೇ ಹುಟ್ಟುವ, ಯಾರೂ ಬಿತ್ತದ ಪಲ್ಯ. ಮಣ್ಣಿನ ಜೊತೆ ಬೀಜವೂ ಚೀಲ ಹತ್ತಿ ಬಂದಿತ್ತು. ಐದು ಗಿಡ. ಅವ್ವ ಎಲೆಯನ್ನು ಉಗುರಿನಿಂದ ಚಿವುಟಿದಳು, ಚಿವುಟಿದಲ್ಲಿ ಹಾಲು ಒಸರಿತು. ತೊಳೆದು, ಬಿಸಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ ಜೊತೆ ಹಸಿಯಾಗೇ ತಿಂದೆವು. ಸ್ವಲ್ಪ ಕಹಿ, ಕೊನೆಗೆ ಒಗರು. ನಾಲ್ಕು ಜನಕ್ಕೆ ನಾಲ್ಕು ನಾಲ್ಕು ಎಲೆ ಬಂದಿರಬೇಕು. ಅವ್ವ ತನ್ನ ಪಾಲಿನ ಎರಡನ್ನು ಕೆಳಗೆ ಕಾಕುಗೆ ಕಳಿಸಿದಳು.

ಲೆಕ್ಕ ಕೇಳುವವರಿಗೆ ಲೆಕ್ಕ ಹೇಳಬಲ್ಲೆ. ಸೊಪ್ಪಿನ ಪಲ್ಯ ವಾರಕ್ಕೆ ಎರಡು ಸಲ ಮನೆಯದೇ ಆಯಿತು. ಮೆಂತೆ, ರಾಜಗಿರಿಗೆ ಅರ್ಧ ದಿನದ ಬಿಸಿಲು ಸಾಕು. ಟೊಮ್ಯಾಟೊ ನಮ್ಮಲ್ಲಿ ಎಂದೂ ಚೆನ್ನಾಗಿ ಬರಲಿಲ್ಲ. ಅದಕ್ಕೆ ಬೇಕಾದಷ್ಟು ಹೊತ್ತು ಬಿಸಿಲು ಪಶ್ಚಿಮದ ಗ್ಯಾಲರಿಯಲ್ಲಿ ಸಿಗುವುದಿಲ್ಲ. ಮುಳಗಾಯಿ ಬುಡಕ್ಕೆ ನಾಲ್ಕೈದು, ಎಣ್ಣೆಗಾಯಿಗೆ ಎರಡು ಬುಡದ್ದು ಕೂಡಿಸಬೇಕು. ಮಣ್ಣು, ಗೊಬ್ಬರ, ಬೀಜದ ಖರ್ಚು ಹಿಡಿದರೆ ಸಂತೆಯಲ್ಲಿ ಇದರ ಮೂರು ಪಟ್ಟು ಕಾಯಿಪಲ್ಯ ಬರುತ್ತಿತ್ತು. ಇದನ್ನು ಮುಚ್ಚಿಟ್ಟು ಡಬ್ಬಿ ತೋಟದಿಂದ ಮನೆ ನಡೆಯುತ್ತದೆ ಎನ್ನುವವರ ಮಾತು ನಾನು ನಂಬುವುದಿಲ್ಲ. ಹತ್ತು ಡಬ್ಬಿಯಿಂದ ಮನೆ ನಡೆಯದು.

ಐದು ವರ್ಷ ಅವ್ವ ಆ ಗ್ಯಾಲರಿಯಲ್ಲಿ ಮಳೆ ನಕ್ಷತ್ರ ಎಣಿಸಿದಳು. ಮಿರಗ, ಆರಿದ್ರ, ಹುಬ್ಬಿ, ಉತ್ತರಿ. ಊರಿನಿಂದ ಲಾವಣಿಯವನು ಫೋನ್ ಮಾಡಿದರೆ ಹೊಲದ ಸುದ್ದಿ ಕೇಳಿ, ತನ್ನ ಡಬ್ಬಿಗಳ ಸುದ್ದಿಯನ್ನೂ ಅಷ್ಟೇ ಗಂಭೀರವಾಗಿ ಹೇಳುತ್ತಿದ್ದಳು. ಪ್ರತಿ ಮಣ್ಣೆತ್ತಿನ ಅಮಾವಾಸ್ಯೆಗೆ ಚೀಲ ಬಿಚ್ಚುವುದು, ಎತ್ತು ಮಾಡುವುದು, ಕರಗಿಸಿ ಮತ್ತೆ ತುಂಬುವುದು. 2022ರ ಸಂಕ್ರಾಂತಿಗೆ ಇನ್ನೂ ನಾಲ್ಕು ದಿನ ಇರುವಾಗ ಮಧ್ಯಾಹ್ನ ಮಲಗಿದವಳು ಏಳಲಿಲ್ಲ. ಆ ಹೊತ್ತಿಗೆ ಅವರೆ ಬಳ್ಳಿ ಹೂವು ಬಿಟ್ಟಿತ್ತು. ಮಣ್ಣು ಮಾಡುವ ಕೆಲಸ ಊರ ಹೊಲದಲ್ಲೇ ಆಯಿತು. ಅಲ್ಲಿ ಆಳಕ್ಕೇನೂ ಕೊರತೆಯಿಲ್ಲ.

ಮುಂದಿನ ಎರಡು ಅಮಾವಾಸ್ಯೆ ಪೇಟೆಯಿಂದ ಬಣ್ಣ ಬಳಿದ ಎತ್ತು ತಂದು ಪೂಜೆ ಮಾಡಿದೆವು. ಕಳೆದ ಸಲ ರಿಟೈರ್ ಆಗಿ ಮನೆಯಲ್ಲಿದ್ದೆ. ಹುರಿ ಬಿಚ್ಚಿದೆ. ಮಣ್ಣು ಕಲ್ಲಾಗಿತ್ತು. ಒಂದು ಬಕೆಟ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಗ್ಯಾಲರಿಯಲ್ಲಿ ಕೂತು ನಾದಿದೆ. ಮೈ ಬಂತು, ಇಣಿಯೂ ಬಂತು, ಕಾಲು ನಿಲ್ಲಲಿಲ್ಲ. ನಿಲ್ಲಿಸಿದರೆ ಎತ್ತು ಮೆಲ್ಲಗೆ ಮುಂದಕ್ಕೆ ಬಾಗಿ ಮೊಣಕಾಲೂರಿ ಕೂತುಬಿಡುತ್ತಿತ್ತು. ಮೂರು ಸಲ ಹಾಗಾಯಿತು. ವಿಡಿಯೋ ಕಾಲಿನಲ್ಲಿ ಪುಣೆಯಿಂದ ನೋಡುತ್ತಿದ್ದ ಮಗಳು, "ಅಪ್ಪಾ, ಆಯಿ ಒಳಗ ಕಡ್ಡಿ ಇಡ್ತಿದ್ರು" ಎಂದಳು. ಎಂಥ ಕಡ್ಡಿ ಎನ್ನುವುದು ಅವಳಿಗೂ ನೆನಪಿರಲಿಲ್ಲ. ತೊಗರಿಯದೋ, ಹುಣಸೆಯದೋ. ಊದಿನಕಡ್ಡಿ ಮುರಿದು ಚುಚ್ಚಿ ನೋಡುತ್ತಿದ್ದೆ. ಕಾಲ ಬಳಿಯಿದ್ದ ಬಕೆಟು ಮೊಣಕೈ ತಾಗಿ ಹೊರಳಿತು, ಎರಿಯ ಕರಿ ನೀರು ಗ್ಯಾಲರಿಯ ಅಂಚು ದಾಟಿತು.

"ಏನ್ರೀ ರೈಲ್ವೆ ಸಾಹೇಬ್ರ! ನೀರು! ನೀರು ನೋಡ್ರಿ!"

ಬಗ್ಗಿ ನೋಡಿದೆ. ಕಾಕು ಕೆಳಗೆ ಕಠಡೆ ಹಿಡಿದು ತಲೆ ಎತ್ತಿ ನಿಂತಿದ್ದರು, ಅವರ ಬಿಳಿ ಸೀರೆಯ ಅಂಚಿಗೆ ಕಪ್ಪು ಹನಿಗಳು. ನನ್ನ ಮೊಣಕೈವರೆಗಿನ ಮಣ್ಣು ಕಂಡು ಅವರ ದನಿ ಅರ್ಧಕ್ಕೆ ನಿಂತಿತು.

"ಎತ್ತ ಮಾಡಾಕತ್ತೀರೇನು?"

"ಹೌದ್ರಿ ಕಾಕು. ಕಾಲ ನಿಲ್ಲವಲ್ದು."

"ಅಷ್ಟ ನೀರ ಹಾಕಿದ್ರ ಎಲ್ಲಿ ನಿಲ್ತಾವ? ತಡೀರಿ, ಬಂದೆ" ಎಂದು ಅವರು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಅವರ ಮೊಣಕಾಲು ನೋವಿನ ನರಳಿಕೆ ಕೇಳಿಸಿತು. ಲಿಫ್ಟ್ ಅವತ್ತೂ ಕೆಟ್ಟಿತ್ತು.